ಕೂಸಿಗೆ ವಾಂತಿ-ಭೇದಿ: ಹಲ್ಲೂ ಅಲ್ಲ, ದೃಷ್ಟಿಯೂ ಅಲ್ಲ, ಹೋಗುತ್ತಿರುವುದು ನೀರು

“ಕೂಸಿಗಿ ಉಲ್ಟಿ-ಜುಲಾಬ್ ಆಗ್ಲತ್ತದ್ರಿ.” ಬಸವಕಲ್ಯಾಣ, ಹುಮನಾಬಾದ್ ಕಡೆಯ ದವಾಖಾನೆಗಳಲ್ಲಿ ಬೇಸಿಗೆಯ ಕೊನೆಗೆ ಮತ್ತು ಮೊದಲ ಮಳೆ ಬಿದ್ದ ವಾರಗಳಲ್ಲಿ ಹೆಚ್ಚು ಕೇಳುವ ಮಾತು ಇದು. ಅದರ ಹಿಂದೆಯೇ ಮನೆಯವರ ಊಹೆಗಳೂ ಬರುತ್ತವೆ. ಹಲ್ಲು ಬರ್ಲತ್ತಾವ, ಅದಕ್ಕೇ ಇರಬೇಕು. ಯಾರದೋ ದೃಷ್ಟಿ ತಾಕಿರಬೇಕು. ತಾಯಿಯ ಹಾಲು ಕೆಟ್ಟಿರಬೇಕು. ನೀರು ಕುಡಿಸಿದ್ರೆ ಇನ್ನಷ್ಟು ಆಗ್ತದ, ಬ್ಯಾಡ. ಕೊನೆಗೆ, “ಒಂದು ಸಲಾಯಿನ್ ಹಚ್ಚಿಬಿಡ್ರಿ.”

ಈ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಚಿಕ್ಕ ಮಕ್ಕಳಿಗೆ ವಾಂತಿ-ಭೇದಿ ಯಾಕೆ ಆಗುತ್ತದೆ? ಮನೆಯಲ್ಲೇ ಏನು ಮಾಡಬಹುದು? ಯಾವಾಗ ಒಂದು ಗಳಿಗೆಯೂ ತಡಮಾಡದೆ ದವಾಖಾನೆಗೆ ಓಡಬೇಕು? ಈ ಬರಹದಲ್ಲಿ ನಾವು ಒಂದೊಂದಾಗಿ ನೋಡೋಣ. ಇದು ಸಣ್ಣ ವಿಷಯವಲ್ಲ. ಜಗತ್ತಿನಲ್ಲಿ ಈಗಲೂ ಪ್ರತಿವರ್ಷ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇವರಲ್ಲಿ ಹೆಚ್ಚಿನವರನ್ನು ಉಳಿಸಬಲ್ಲ ಔಷಧ ನಮ್ಮೂರಿನ ಅಂಗನವಾಡಿಯಲ್ಲೂ ಆಶಾ ಕಾರ್ಯಕರ್ತೆಯ ಚೀಲದಲ್ಲೂ ಪುಕ್ಕಟೆಯಾಗಿ ಸಿಗುವಂಥದ್ದು.

ಯಾವುದು ಭೇದಿ, ಯಾವುದು ಅಲ್ಲ?

ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರಾಗಿ ಅಥವಾ ತೆಳ್ಳಗೆ ಮಲ ಹೋದರೆ ಅದನ್ನು ಭೇದಿ ಎನ್ನುತ್ತೇವೆ. ಆದರೆ ಬರೀ ತಾಯಿಯ ಹಾಲು ಕುಡಿಯುವ ಎಳೆಗೂಸು ದಿನಕ್ಕೆ ಎಂಟು-ಹತ್ತು ಸಲ ಹಳದಿ ಬಣ್ಣದ, ಮೆತ್ತಗಿನ, ಹಿಟ್ಟು ಕಲಸಿದಂಥ ಮಲ ಮಾಡಬಹುದು. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದು, ತೂಕ ಏರುತ್ತಿದ್ದರೆ ಅದು ರೋಗವಲ್ಲ. ಯಾವಾಗಲೂ ಇರುವುದಕ್ಕಿಂತ ಒಮ್ಮೆಲೇ ಹೆಚ್ಚು ಸಲ, ಹೆಚ್ಚು ನೀರಾಗಿ ಹೋಗತೊಡಗಿದರೆ ಮಾತ್ರ ಎಚ್ಚರವಾಗಬೇಕು.

ವಾಂತಿಯ ವಿಷಯವೂ ಹಾಗೆಯೇ. ಹಾಲು ಕುಡಿದ ಮೇಲೆ ತೇಗಿನ ಜೊತೆ ಬಾಯಿಯಿಂದ ಸ್ವಲ್ಪ ಹಾಲು ಹೊರಬರುವುದು ಎಳೆಗೂಸುಗಳಲ್ಲಿ ಸಾಮಾನ್ಯ. ಅನ್ನನಾಳದ ಕೆಳತುದಿಯನ್ನು ಮುಚ್ಚುವ ಸ್ನಾಯು ಇನ್ನೂ ಬಲಿತಿರುವುದಿಲ್ಲ, ಅಷ್ಟೆ. ಹಾಲು ಕುಡಿಸಿದ ಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದರೆ ಇದು ಕಡಿಮೆಯಾಗುತ್ತದೆ. ಹೊಟ್ಟೆ ಒತ್ತಿ ಬಂದು, ಕುಡಿದದ್ದೆಲ್ಲ ಜೋರಾಗಿ ಹೊರಬಿದ್ದರೆ ಅದು ವಾಂತಿ.

ಕಾರಣ ಯಾರು?

ಚಿಕ್ಕ ಮಕ್ಕಳ ವಾಂತಿ-ಭೇದಿಗೆ ಬಹುತೇಕ ಕಾರಣ ಕರುಳಿಗೆ ಹೊಕ್ಕ ಕ್ರಿಮಿಗಳು. ಅವುಗಳಲ್ಲಿ ಮೊದಲ ಹೆಸರು ರೋಟಾವೈರಸ್. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಾದ ಮಕ್ಕಳ ಕರುಳಿನ ತುಣುಕಿನಲ್ಲಿ ಇದನ್ನು ಕಂಡುಹಿಡಿದರು. ಸೂಕ್ಷ್ಮದರ್ಶಕದಲ್ಲಿ ಚಕ್ರದಂತೆ ಕಾಣುವುದರಿಂದ ಆ ಹೆಸರು ಬಂತು. ಇದು ಸಾಮಾನ್ಯವಾಗಿ ಮೊದಲು ವಾಂತಿ ಮತ್ತು ಜ್ವರದಿಂದ ಶುರುವಾಗಿ, ಒಂದೆರಡು ದಿನದಲ್ಲಿ ನೀರಿನಂಥ ಭೇದಿಗೆ ತಿರುಗಿ, ಮೂರರಿಂದ ಎಂಟು ದಿನ ಇರುತ್ತದೆ. ಭಾರತದಲ್ಲಿ ರೋಟಾವೈರಸ್ ಹೆಚ್ಚುವುದು ಚಳಿಗಾಲದಲ್ಲಿ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ನಡೆಯುವ ಜನವರಿಯ ದಿನಗಳು ಇದಕ್ಕೂ ಹದವಾದ ದಿನಗಳೇ.

ಬೇಸಿಗೆ ಮತ್ತು ಮಳೆಗಾಲದಲ್ಲಿ ಬ್ಯಾಕ್ಟೀರಿಯಾಗಳ ಸರದಿ. ಇ. ಕೋಲಿ, ಶಿಗೆಲ್ಲಾ, ಕಾಲರಾ ತರುವ ವಿಬ್ರಿಯೊ ಮುಂತಾದವು ಮಲಿನ ನೀರು, ಹಳಸಿದ ಆಹಾರ, ನೊಣ ಮತ್ತು ಕೊಳೆಯಾದ ಕೈಗಳ ಮೂಲಕ ಬರುತ್ತವೆ. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ನಳದ ನೀರು ದಿನ ಬಿಟ್ಟು ದಿನ ಬರುವಾಗ ಒಂದು ಅಪಾಯವಿದೆ. ಪೈಪಿನಲ್ಲಿ ನೀರಿನ ಒತ್ತಡ ಇಲ್ಲದ ಹೊತ್ತಿನಲ್ಲಿ, ಎಲ್ಲಿ ಬಿರುಕಿದೆಯೋ ಅಲ್ಲಿಂದ ಪಕ್ಕದ ಚರಂಡಿಯ ನೀರು ಒಳಗೆ ಹೀರಿಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡದಲ್ಲಿ ಬರುವುದು ಅದೇ. ಮೊದಲ ಮಳೆ ಬಿದ್ದಾಗ ಬಯಲಲ್ಲಿ ಬಿದ್ದ ಮಲ ಹರಿದು ಬಾವಿ, ಹಳ್ಳಗಳಿಗೆ ಸೇರುತ್ತದೆ. ಕಲ್ಯಾಣ ಕರ್ನಾಟಕ ಇದನ್ನು ಚೆನ್ನಾಗಿ ಬಲ್ಲದು. 2022ರ ಮೇ ಕೊನೆ ಮತ್ತು ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಬಹಳ ಮಂದಿ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು, ಹಲವರು ಜೀವ ಕಳೆದುಕೊಂಡರು.

ಇವಲ್ಲದೆ ಅಮೀಬಾ, ಜಿಯಾರ್ಡಿಯಾದಂಥ ಪರಾವಲಂಬಿಗಳು, ಕೆಲವು ಆಂಟಿಬಯೋಟಿಕ್ ಔಷಧಗಳು, ಅಪರೂಪಕ್ಕೆ ಹಸುವಿನ ಹಾಲಿನ ಅಲರ್ಜಿಯೂ ಕಾರಣವಾಗಬಹುದು. ಬರೀ ವಾಂತಿ ಇದ್ದು ಭೇದಿ ಇಲ್ಲದಿದ್ದರೆ ಅದು ಕರುಳಿನ ಸೋಂಕೇ ಎಂದುಕೊಳ್ಳಬಾರದು. ಮೂತ್ರದ ಸೋಂಕು, ಕಿವಿಯ ಸೋಂಕು, ಮೆದುಳು ಜ್ವರ, ಕರುಳು ಕಟ್ಟಿಕೊಳ್ಳುವುದು ಇವುಗಳಲ್ಲೂ ವಾಂತಿ ಮೊದಲ ಲಕ್ಷಣವಾಗಬಹುದು.

ಅಪಾಯ ಇರುವುದು ಎಲ್ಲಿ?

ಭೇದಿಯಾದ ಮಗುವನ್ನು ಕೊಲ್ಲುವುದು ಬಹುತೇಕ ಸಲ ಕ್ರಿಮಿಯಲ್ಲ, ನೀರಿನ ಕೊರತೆ. ಹುಟ್ಟಿದ ಕೂಸಿನ ಮೈತೂಕದ ಸುಮಾರು ಮುಕ್ಕಾಲು ಪಾಲು ನೀರೇ. ದೊಡ್ಡವರಲ್ಲಿ ಅದು ಸುಮಾರು ಶೇ. 60. ಎಂಟು ಕಿಲೋ ತೂಗುವ ಮಗುವಿನ ಲೆಕ್ಕ ಹಾಕಿ ನೋಡಿ. ಮೈಯಿಂದ 400 ಮಿ.ಲೀ. ನೀರು, ಅಂದರೆ ಎರಡು ಲೋಟದಷ್ಟು, ಹೋದರೆ ತೂಕದ ಶೇ. 5 ಕಳೆದಂತೆ. ಅಷ್ಟಕ್ಕೇ ನಿರ್ಜಲೀಕರಣದ ಲಕ್ಷಣಗಳು ಕಾಣಿಸುತ್ತವೆ. ನಾಲ್ಕು ಲೋಟ ಹೋದರೆ ಶೇ. 10. ಆಗ ಜೀವಕ್ಕೇ ಕುತ್ತು. ದೊಡ್ಡವರಿಗೆ ಲೆಕ್ಕಕ್ಕೇ ಬಾರದ ಎರಡು ಲೋಟ ನೀರು ಕೂಸಿಗೆ ದೊಡ್ಡದು. ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ ಎಂಬ ಲವಣಗಳೂ ಹೋಗುವುದರಿಂದ ಬರೀ ನೀರು ಕುಡಿಸಿದರೆ ಸಾಲದು.

ಮನೆಯಲ್ಲೇ ಪರೀಕ್ಷಿಸುವುದು ಹೀಗೆ. ಮಗು ಕಿರಿಕಿರಿ ಮಾಡುತ್ತಿದೆಯೇ? ಕಣ್ಣು ಒಳಗೆ ಹೋದಂತಿದೆಯೇ? ನೀರು ತೋರಿಸಿದರೆ ಆತುರದಿಂದ ಕುಡಿಯುತ್ತದೆಯೇ? ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಹಿಡಿದೆತ್ತಿ ಬಿಟ್ಟರೆ ನಿಧಾನವಾಗಿ ಮೊದಲಿನಂತಾಗುತ್ತದೆಯೇ? ಇವುಗಳಲ್ಲಿ ಎರಡು ಇದ್ದರೆ ನಿರ್ಜಲೀಕರಣ ಶುರುವಾಗಿದೆ ಎಂದರ್ಥ. ಒಆರ್‌ಎಸ್ ಕುಡಿಸುತ್ತಲೇ ದವಾಖಾನೆಗೆ ಹೋಗಬೇಕು. ಮಗು ಮಂಕಾಗಿ ಬಿದ್ದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಕುಡಿಯಲಾಗದಿದ್ದರೆ, ಎತ್ತಿದ ಚರ್ಮ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೇ ನಿಂತರೆ ಅದು ತೀವ್ರ ನಿರ್ಜಲೀಕರಣ. ಆಗ ಬೇಕಾಗುವುದೇ ಸಲಾಯಿನ್.

ಎಳೆಗೂಸಿನ ನೆತ್ತಿ ಗುಳಿ ಬಿದ್ದಿದ್ದರೆ ಅದೂ ನೀರು ಕಡಿಮೆಯಾದ ಗುರುತು. ಇದನ್ನೇ “ನೆತ್ತಿ ಬಿದ್ದದ” ಎಂದು ಅಂಗುಳ ಎತ್ತಿಸುವುದು, ನೆತ್ತಿಗೆ ಎಣ್ಣೆ ತುಂಬಿಸುವುದು ಮಾಡುತ್ತಾರೆ. ಹಿರಿಯರು ಗಮನಿಸಿದ ಲಕ್ಷಣ ಸರಿಯಾಗಿಯೇ ಇದೆ, ಪರಿಹಾರ ಮಾತ್ರ ತಪ್ಪು. ನೆತ್ತಿ ಬಿದ್ದದ್ದರಿಂದ ಭೇದಿ ಆಗಿಲ್ಲ, ಭೇದಿಯಾಗಿ ನೀರು ಹೋದದ್ದರಿಂದ ನೆತ್ತಿ ಬಿದ್ದಿದೆ. ನೀರು ಮತ್ತು ಲವಣ ಮೈಗೆ ಮರಳಿದರೆ ನೆತ್ತಿ ತಾನೇ ಮೇಲೆ ಬರುತ್ತದೆ.

ಒಂದು ಪೊಟ್ಟಣದ ಪುಡಿ ಕೆಲಸ ಮಾಡುವುದು ಹೇಗೆ?

“ಕರುಳೇ ಕೆಟ್ಟಿರುವಾಗ ಕುಡಿಸಿದ್ದು ಮೈಗೆ ಹತ್ತುತ್ತದೆಯೇ?” ಇದು ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ನಮ್ಮ ಸಣ್ಣ ಕರುಳಿನ ಒಂದು ವಿಶೇಷ ಬಾಗಿಲಿನಲ್ಲಿ. ಈ ಬಾಗಿಲು ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಬಂದರೆ ಮಾತ್ರ ತೆರೆದುಕೊಳ್ಳುತ್ತದೆ. ಅವೆರಡೂ ಒಳಗೆ ಹೋದಾಗ ನೀರೂ ಹಿಂದೆಯೇ ಹೋಗುತ್ತದೆ. 1960ರಲ್ಲಿ ವಿಜ್ಞಾನಿ ರಾಬರ್ಟ್ ಕ್ರೇನ್ ಈ ಜೋಡಿ ಸಾಗಣೆಯನ್ನು ವಿವರಿಸಿದರು. ಕಾಲರಾದಂಥ ರೋಗದಲ್ಲಿ ಕರುಳು ನೀರನ್ನು ಹೊರಗೆ ಸುರಿಯುತ್ತಿದ್ದರೂ ಈ ಬಾಗಿಲು ಕೆಟ್ಟಿರುವುದಿಲ್ಲ. ಬರೀ ಉಪ್ಪುನೀರು ಕೊಟ್ಟರೆ ಸಾಲದು, ಬರೀ ಸಕ್ಕರೆ ನೀರು ಕೊಟ್ಟರೂ ಸಾಲದು. ಎರಡೂ ಸರಿಯಾದ ಅಳತೆಯಲ್ಲಿ ಬೇಕು.

ಇದು ದೊಡ್ಡ ಮಟ್ಟದಲ್ಲಿ ಸಾಬೀತಾದದ್ದು ನಮ್ಮ ದೇಶದಲ್ಲೇ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲಾಯಿನ್ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಲನಬೀಸ್ ಅವರು ಅಡುಗೆ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಲು ಶುರುಮಾಡಿದರು. ಅಲ್ಲಿ ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇದು ಈ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆ ಆಗಬಹುದು ಎಂಬ ಅರ್ಥದಲ್ಲಿ ಲ್ಯಾನ್ಸೆಟ್ ಪತ್ರಿಕೆ 1978ರಲ್ಲಿ ಬರೆಯಿತು. ಮಹಲನಬೀಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಇಂದಿನ ಒಆರ್‌ಎಸ್‌ನಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ. ಈ ಅಳತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಲಸುವುದು ಹೇಗೆ, ಕುಡಿಸುವುದು ಹೇಗೆ?

ಕೈಯನ್ನು ಸಾಬೂನಿನಿಂದ ತೊಳೆಯಿರಿ. ಪೊಟ್ಟಣದ ಮೇಲೆ ಬರೆದಿರುವ ಅಳತೆ ನೋಡಿ. ಒಂದು ಲೀಟರಿನ ಪೊಟ್ಟಣವಾದರೆ ಇಡೀ ಪುಡಿಯನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಬೇಕು. 200 ಮಿ.ಲೀ.ಯ ಸಣ್ಣ ಪೊಟ್ಟಣವಾದರೆ ಅಷ್ಟೇ ನೀರಿಗೆ. ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಲೋಟಕ್ಕೆ ಹಾಕುವುದು ತಪ್ಪು. ನೀರು ಕಡಿಮೆಯಾದರೆ ಲವಣ ಹೆಚ್ಚಾಗಿ ಕೂಸಿಗೆ ಅಪಾಯ, ನೀರು ಹೆಚ್ಚಾದರೆ ಉಪಯೋಗವಿಲ್ಲ. ಸಕ್ಕರೆ, ಹಾಲು, ಹಣ್ಣಿನ ರಸ ಏನನ್ನೂ ಬೆರೆಸಬಾರದು. ಕಲಸಿದ ಮೇಲೆ ಕುದಿಸಬಾರದು. ಮುಚ್ಚಿಟ್ಟು 24 ತಾಸಿನೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ, ಹೊಸದು ಕಲಸಿ.

ಎಷ್ಟು ಕುಡಿಸಬೇಕು? ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅಂದರೆ ಕಾಲು ಲೋಟದಿಂದ ಅರ್ಧ ಲೋಟ. ಎರಡು ವರ್ಷ ದಾಟಿದ ಮಗುವಿಗೆ 100ರಿಂದ 200 ಮಿ.ಲೀ. ಬಾಟಲಿ ಬೇಡ. ಬಟ್ಟಲು ಮತ್ತು ಚಮಚ ಸಾಕು.

“ಕುಡಿಸಿದ್ದೆಲ್ಲ ಉಲ್ಟಿ ಮಾಡ್ತದಲ್ರೀ?” ಬಹಳ ತಾಯಂದಿರು ಕೈಬಿಡುವುದು ಇಲ್ಲೇ. ಬಾಯಾರಿದ ಮಗು ಗಟಗಟ ಕುಡಿದರೆ ಹೊಟ್ಟೆ ಹಿಗ್ಗಿ ಮತ್ತೆ ವಾಂತಿಯಾಗುತ್ತದೆ. ಹತ್ತು ನಿಮಿಷ ಬಿಡಿ. ಆಮೇಲೆ ಒಂದೆರಡು ನಿಮಿಷಕ್ಕೆ ಒಂದು ಚಮಚದಂತೆ ಕುಡಿಸಿ. ವಾಂತಿಯಲ್ಲಿ ಎಲ್ಲವೂ ಹೊರಬಂದಂತೆ ಕಂಡರೂ ಸ್ವಲ್ಪ ಭಾಗ ಒಳಗೆ ಉಳಿದಿರುತ್ತದೆ. ಒಂದು ತಾಸು ಕೂತು ಚಮಚದಲ್ಲಿ ಕುಡಿಸುವ ತಾಳ್ಮೆ ಎಷ್ಟೋ ಸಲ ಒಂದು ಸಲಾಯಿನ್ ಬಾಟಲಿಯ ಕೆಲಸ ಮಾಡುತ್ತದೆ.

ನಡುರಾತ್ರಿ ಪೊಟ್ಟಣ ಸಿಗದಿದ್ದರೆ? ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದ ಅಳತೆಯಲ್ಲಿ, ತುದಿ ಸಮ ಮಾಡಿದ ಆರು ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಕಲಸಿ. ಉಪ್ಪು ಅದಕ್ಕಿಂತ ಹೆಚ್ಚಾಗಬಾರದು. ಆರು ತಿಂಗಳು ದಾಟಿದ ಮಕ್ಕಳಿಗೆ ಚಿಟಿಕೆ ಉಪ್ಪು ಹಾಕಿದ ಅಕ್ಕಿ ಗಂಜಿ, ತೆಳ್ಳನೆಯ ಮಜ್ಜಿಗೆಯೂ ಆದೀತು. ಪೊಟ್ಟಣ ಸಿಕ್ಕ ಕೂಡಲೇ ಅದಕ್ಕೆ ಬದಲಾಯಿಸಿ.

ಇಷ್ಟು ಸುಲಭವಾದದ್ದು ಎಲ್ಲರಿಗೂ ಯಾಕೆ ಸಿಗುತ್ತಿಲ್ಲ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಒಆರ್‌ಎಸ್ ಸಿಕ್ಕಿದ್ದು ನೂರಕ್ಕೆ ಸುಮಾರು 61 ಮಂದಿಗೆ. ಝಿಂಕ್ ಸಿಕ್ಕಿದ್ದು ಸುಮಾರು 30 ಮಂದಿಗೆ. ಅಂದರೆ ಹತ್ತರಲ್ಲಿ ನಾಲ್ಕು ಮಕ್ಕಳಿಗೆ ಈ ಪುಡಿ ತಲುಪಲೇ ಇಲ್ಲ. ಯಾಕೆ?

ಇದಕ್ಕೆ ಉತ್ತರ ಹುಡುಕಲು ಅರ್ಥಶಾಸ್ತ್ರಜ್ಞರು ಮತ್ತು ಆರೋಗ್ಯ ಸಂಶೋಧಕರ ಒಂದು ತಂಡ ಬಂದದ್ದು ಕರ್ನಾಟಕಕ್ಕೆ ಮತ್ತು ಬಿಹಾರಕ್ಕೆ. ಬೆಂಗಳೂರಿನ ಐಐಎಂನ ಪ್ರಾಧ್ಯಾಪಕರೊಬ್ಬರೂ ತಂಡದಲ್ಲಿದ್ದರು. ಎರಡೂ ರಾಜ್ಯಗಳ 253 ಪಟ್ಟಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ವೈದ್ಯರು, ಔಷಧಿ ಅಂಗಡಿಯವರು ಮುಂತಾದವರ ಬಳಿಗೆ ತರಬೇತಿ ಪಡೆದವರು ತಂದೆಯ ವೇಷದಲ್ಲಿ ಹೋಗಿ “ಮನೆಯಲ್ಲಿ ಮಗುವಿಗೆ ಎರಡು ದಿನದಿಂದ ಭೇದಿ” ಎಂದರು. ಕೆಲವರು ಒಆರ್‌ಎಸ್ ಬೇಕೆಂದು ಸೂಚಿಸಿದರು, ಕೆಲವರು ಆಂಟಿಬಯೋಟಿಕ್ ಬೇಕೆಂದರು, ಉಳಿದವರು ಏನೂ ಹೇಳಲಿಲ್ಲ. ಫಲಿತಾಂಶ 2024ರ ಫೆಬ್ರವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಂಗಡಿಯಲ್ಲಿ ದಾಸ್ತಾನು ಇಲ್ಲದ್ದು, ಬೇರೆ ಔಷಧ ಮಾರಿದರೆ ಲಾಭ ಹೆಚ್ಚೆಂಬುದು ಇವು ಕಾರಣಗಳೇ ಆದರೂ ಅವುಗಳ ಪಾಲು ಸಣ್ಣದು. ಒಆರ್‌ಎಸ್ ಬರೆಯದಿರಲು ಎಲ್ಲಕ್ಕಿಂತ ದೊಡ್ಡ ಕಾರಣ, “ರೋಗಿಯ ಕಡೆಯವರಿಗೆ ಇದು ಬೇಕಿಲ್ಲ” ಎಂದು ಬರೆಯುವವರು ಅಂದುಕೊಂಡಿರುವುದು. ಕೊರತೆಯ ಸುಮಾರು ಶೇ. 42ರಷ್ಟಕ್ಕೆ ಇದೊಂದೇ ಕಾರಣ. ಒಆರ್‌ಎಸ್ ಬೇಕೆಂದು ಮನೆಯವರೇ ಸೂಚಿಸಿದಾಗ ಅದನ್ನು ಬರೆಯುವ ಪ್ರಮಾಣ 27 ಶೇಕಡಾ ಅಂಶಗಳಷ್ಟು ಏರಿತು.

ಇದರ ಅರ್ಥ ಸರಳ. ಮನೆಯವರು ಸೂಜಿ, ಸಲಾಯಿನ್ ಬಯಸುತ್ತಾರೆಂದು ವೈದ್ಯರು ತಿಳಿಯುತ್ತಾರೆ. ವೈದ್ಯರು ಬರೆದದ್ದೇ ದೊಡ್ಡ ಔಷಧ ಎಂದು ಮನೆಯವರು ತಿಳಿಯುತ್ತಾರೆ. ನಡುವೆ ಪುಡಿಯ ಪೊಟ್ಟಣ ಬಿದ್ದುಹೋಗುತ್ತದೆ. ಹಾಗಾಗಿ ಮುಂದಿನ ಸಲ ಒಂದೇ ಮಾತು ಕೇಳಿ: “ಸಾಹೇಬ್ರೇ, ಕೂಸಿಗಿ ಒಆರ್‌ಎಸ್, ಝಿಂಕ್ ಕೊಡಬಹುದೇನ್ರಿ?” ಇದು ವೈದ್ಯರಿಗೆ ಎದುರು ಮಾತಾಡಿದಂತಲ್ಲ.

ಅಂಗಡಿಯ ಪೆಟ್ಟಿಗೆ ಪಾನೀಯ ಒಆರ್‌ಎಸ್ ಅಲ್ಲ

ಮೆಡಿಕಲ್ ಅಂಗಡಿಯಲ್ಲಿ ಒಆರ್‌ಎಸ್ ಕೇಳಿದರೆ ಬಣ್ಣಬಣ್ಣದ ಕಾಗದದ ಪೆಟ್ಟಿಗೆಯಲ್ಲಿರುವ ಸಿಹಿ ಪಾನೀಯವನ್ನು ಕೈಗಿಡುವುದು ಬಹಳ ವರ್ಷ ನಡೆಯಿತು. ಹುಮನಾಬಾದಿನಿಂದ ಅದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಸಿಗುವ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಇಂಥ ಪಾನೀಯಗಳ ಹೆಸರಿನಲ್ಲಿ ‘ಒಆರ್‌ಎಸ್’ ಎಂಬ ಪದ ಬಳಸಬಾರದೆಂದು ಆದೇಶಿಸಿತು.

ತೊಂದರೆ ಏನು? ಮೇಲೆ ಹೇಳಿದ ಅಳತೆ ನೆನಪಿಸಿಕೊಳ್ಳಿ. ನಿಜವಾದ ಒಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ. ಈ ಪಾನೀಯಗಳಲ್ಲಿ ಸಕ್ಕರೆ ಅದರ ಹಲವು ಪಟ್ಟು ಇರುತ್ತಿತ್ತು, ಸೋಡಿಯಂ ಕಡಿಮೆ. ಕರುಳಿನಲ್ಲಿ ಸಕ್ಕರೆ ಹೆಚ್ಚಾದರೆ ಅದು ಮೈಯಲ್ಲಿರುವ ನೀರನ್ನೇ ಕರುಳಿನೊಳಗೆ ಎಳೆಯುತ್ತದೆ. ಭೇದಿ ನಿಲ್ಲುವ ಬದಲು ಹೆಚ್ಚುತ್ತದೆ. ತಂಪು ಪಾನೀಯ, ಪೆಟ್ಟಿಗೆಯ ಹಣ್ಣಿನ ರಸ, ಬರೀ ಗ್ಲೂಕೋಸ್ ಪುಡಿ ಕಲಸಿದ ನೀರಿಗೂ ಇದೇ ಮಾತು. ಎಳನೀರಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದ್ದರೂ ಸೋಡಿಯಂ ಕಡಿಮೆ. ಜೊತೆಗೆ ಕೊಡಬಹುದು, ಬದಲಿಗೆ ಅಲ್ಲ. ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ.

ಝಿಂಕ್ ಮತ್ತು ಊಟ

ಭೇದಿಯಲ್ಲಿ ಝಿಂಕ್ ಅಂಶವೂ ಮೈಯಿಂದ ಹೋಗುತ್ತದೆ. ಕರುಳಿನ ಒಳಪದರ ಮತ್ತೆ ಬೆಳೆಯಲು ಅದು ಬೇಕು. ನಮ್ಮ ದೇಶದ ಕಾರ್ಯಕ್ರಮದಂತೆ ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿ.ಗ್ರಾಂ, ಅಂದರೆ ಅರ್ಧ ಮಾತ್ರೆ. ಆರು ತಿಂಗಳು ದಾಟಿದ ಮಗುವಿಗೆ 20 ಮಿ.ಗ್ರಾಂ, ಅಂದರೆ ಒಂದು ಮಾತ್ರೆ. ಚಮಚದಲ್ಲಿ ತಾಯಿಯ ಹಾಲು ಅಥವಾ ಶುದ್ಧ ನೀರು ಹಾಕಿದರೆ ಮಾತ್ರೆ ಕರಗುತ್ತದೆ. ಭೇದಿ ಮೂರನೆಯ ದಿನಕ್ಕೇ ನಿಂತರೂ 14 ದಿನ ಪೂರ್ತಿ ಕೊಡಬೇಕು.

ಹಾಲು, ಊಟ ನಿಲ್ಲಿಸಬೇಡಿ. “ಹೊಟ್ಟೆಗೆ ವಿಶ್ರಾಂತಿ ಕೊಡೋಣ” ಎಂದು ಉಪವಾಸ ಕೆಡವಿದರೆ ಕರುಳು ಗುಣವಾಗುವುದು ತಡವಾಗುತ್ತದೆ, ಮಗು ಸೊರಗುತ್ತದೆ, ಸೊರಗಿದ ಮಗುವಿಗೆ ಮತ್ತೆ ಭೇದಿಯಾಗುತ್ತದೆ. ತಾಯಿಯ ಹಾಲನ್ನು ಮೊದಲಿಗಿಂತ ಹೆಚ್ಚು ಸಲ ಕೊಡಿ. ಆರು ತಿಂಗಳು ದಾಟಿದವರಿಗೆ ಮೆತ್ತಗಿನ ಹೆಸರುಬೇಳೆ ಖಿಚಡಿ, ಮೊಸರನ್ನ, ಬಾಳೆಹಣ್ಣು, ಹಾಲಿಗಿಂತ ತೊವ್ವೆಯಲ್ಲಿ ನೆನೆಸಿ ಮೆತ್ತಗೆ ಮಾಡಿದ ಜೋಳದ ರೊಟ್ಟಿ ಸ್ವಲ್ಪ ಸ್ವಲ್ಪವಾಗಿ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚು ಕೊಟ್ಟರೆ ಕಳೆದ ತೂಕ ಮರಳುತ್ತದೆ.

ಕೇಳಿಬರುವ ಮಾತುಗಳು

*ಹಲ್ಲು ಬರುವಾಗ ಭೇದಿ ಆಗುವುದು ಸಹಜ.* ಅಲ್ಲ. ಹಲ್ಲು ಮೂಡುವುದು ಆರರಿಂದ ಎರಡು ವರ್ಷದೊಳಗೆ ಅಲ್ಲ, ಆರನೇ ತಿಂಗಳಿಂದ ಎರಡೂವರೆ ವರ್ಷದವರೆಗೆ. ಅದೇ ಕಾಲದಲ್ಲಿ ಕೂಸು ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಮೇಲಾಹಾರ ಶುರುವಾಗುತ್ತದೆ, ತಾಯಿಯಿಂದ ಬಂದ ರೋಗನಿರೋಧಕ ಅಂಶವೂ ತಗ್ಗಿರುತ್ತದೆ. ಹಲ್ಲು ಮತ್ತು ಭೇದಿ ಒಂದೇ ಹೊತ್ತಿಗೆ ಬರುತ್ತವೆ, ಒಂದರಿಂದ ಇನ್ನೊಂದು ಬರುವುದಿಲ್ಲ. “ಹಲ್ಲಿಂದು” ಎಂದು ಕಾಯುವುದೇ ಅಪಾಯ.

*ದೃಷ್ಟಿ ತಾಕಿದೆ.* ದೃಷ್ಟಿ ತೆಗೆಯುವುದರಿಂದ ಮನಸ್ಸಿಗೆ ಸಮಾಧಾನವಾದರೆ ಆಗಲಿ, ಒಂದು ಕೈಯಲ್ಲಿ ಒಆರ್‌ಎಸ್ ಚಮಚವೂ ಇರಲಿ. ಆದರೆ ಹೊಟ್ಟೆಯ ಮೇಲೆ ಬರೆ ಹಾಕಿಸುವುದನ್ನು ಯಾವ ಕಾರಣಕ್ಕೂ ಮಾಡಬಾರದು. ನೀರು ಕಳೆದುಕೊಂಡ ಕೂಸಿಗೆ ಸುಟ್ಟ ಗಾಯ, ಅದರ ಸೋಂಕು ಮತ್ತೊಂದು ಕುತ್ತು.

*ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರಾಯಿತು.* ದೊಡ್ಡವರು ತೆಗೆದುಕೊಳ್ಳುವ ಲೋಪೆರಮೈಡ್‌ನಂಥ ಮಾತ್ರೆ ಕರುಳಿನ ಚಲನೆಯನ್ನೇ ನಿಲ್ಲಿಸುತ್ತದೆ. ಚಿಕ್ಕ ಮಕ್ಕಳಲ್ಲಿ ಹೊಟ್ಟೆ ಉಬ್ಬಿ ಪ್ರಾಣಾಪಾಯವಾಗಬಹುದು. ಕೊಡಲೇಬಾರದು.

*ಆಂಟಿಬಯೋಟಿಕ್ ಕೊಟ್ಟರೆ ಬೇಗ ಗುಣ.* ವೈರಸ್‌ನಿಂದಾದ ಭೇದಿಗೆ ಅದು ಏನೂ ಮಾಡದು, ಬದಲಿಗೆ ಭೇದಿ ಹೆಚ್ಚಿಸಲೂಬಹುದು. ಮಲದಲ್ಲಿ ರಕ್ತ ಇದ್ದಾಗ, ಕಾಲರಾ ಅನುಮಾನವಿದ್ದಾಗ ವೈದ್ಯರು ಬರೆಯುತ್ತಾರೆ. ವಾಂತಿ ನಿಲ್ಲಿಸುವ ಔಷಧವೂ ಅಷ್ಟೇ, ವೈದ್ಯರು ನೋಡಿ ಕೊಡಬೇಕಾದದ್ದು.

*ಸಲಾಯಿನ್ ಹಚ್ಚಿದರೇ ಶಕ್ತಿ.* ಸಲಾಯಿನ್‌ನಲ್ಲಿರುವುದು ಉಪ್ಪು, ನೀರು. ಕುಡಿಯಬಲ್ಲ ಮಗುವಿಗೆ ಒಆರ್‌ಎಸ್ ಅಷ್ಟೇ ಕೆಲಸ ಮಾಡುತ್ತದೆ, ಸೂಜಿಯ ನೋವಿಲ್ಲ, ಸೋಂಕಿನ ಭಯವಿಲ್ಲ.

ತಡಮಾಡದೆ ಓಡಬೇಕಾದದ್ದು ಯಾವಾಗ?

ಈ ಕೆಳಗಿನ ಯಾವುದೇ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ:

- ಮಗು ಮಂಕಾಗಿದೆ, ಎಚ್ಚರ ತಪ್ಪುತ್ತಿದೆ, ಫಿಟ್ಸ್ ಬಂದಿದೆ
- ಹಾಲು, ನೀರು ಏನೂ ಕುಡಿಯುತ್ತಿಲ್ಲ, ಅಥವಾ ಚಮಚದಲ್ಲಿ ಕೊಟ್ಟದ್ದೂ ಎಲ್ಲ ವಾಂತಿಯಾಗುತ್ತಿದೆ
- ಆರರಿಂದ ಎಂಟು ತಾಸು ಮೂತ್ರ ಹೋಗಿಲ್ಲ, ಅತ್ತರೆ ಕಣ್ಣೀರಿಲ್ಲ
- ಮಲದಲ್ಲಿ ರಕ್ತ
- ಹಸಿರು ಬಣ್ಣದ ವಾಂತಿ, ಹೊಟ್ಟೆ ಉಬ್ಬರ: ಕರುಳು ಕಟ್ಟಿರಬಹುದು
- ಬಿಟ್ಟುಬಿಟ್ಟು ಕಾಲು ಮಡಚಿ ಚೀರಿ ಅಳುವುದು, ಮಲದಲ್ಲಿ ರಕ್ತಮಿಶ್ರಿತ ಲೋಳೆ: ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಂಡಿರಬಹುದು
- ಒಂದು ತಿಂಗಳ ಆಸುಪಾಸಿನ ಕೂಸು ಪ್ರತಿ ಸಲ ಹಾಲು ಕುಡಿದ ಮೇಲೆ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡುವುದು
- ಜ್ವರ, ವಾಂತಿಯ ಜೊತೆ ಕುತ್ತಿಗೆ ಬಿಗಿತ ಅಥವಾ ನೆತ್ತಿ ಉಬ್ಬುವುದು
- ಎರಡು ತಿಂಗಳೊಳಗಿನ ಕೂಸಿಗೆ ಭೇದಿ. ಮೊದಲೇ ಬಹಳ ಸೊರಗಿರುವ ಮಗುವಿಗೆ ಭೇದಿ
- 14 ದಿನವಾದರೂ ನಿಲ್ಲದ ಭೇದಿ

ಬಸವಕಲ್ಯಾಣ, ಹುಮನಾಬಾದ್ ಎರಡೂ ಕಡೆ ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳಿವೆ. ಹೆಚ್ಚಿನ ಚಿಕಿತ್ಸೆಗೆ ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ಬ್ರಿಮ್ಸ್ ಇದೆ. ಅಲ್ಲಿಗೆ ಒಂದರಿಂದ ಎರಡು ತಾಸಿನ ದಾರಿ. ಈ ದಾರಿಯಲ್ಲಿ ಕೂಸು ಕುಡಿಯಬಲ್ಲದಾದರೆ ಒಆರ್‌ಎಸ್ ಚಮಚ ನಿಲ್ಲಬಾರದು. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಬಾರದಂತೆ ತಡೆಯುವುದು

ಮೊದಲನೆಯದು ಲಸಿಕೆ. ಲಸಿಕೆ ಬರುವ ಮೊದಲು ಭಾರತದಲ್ಲಿ ರೋಟಾವೈರಸ್‌ನಿಂದ ವರ್ಷಕ್ಕೆ ಸುಮಾರು 78,000 ಮಕ್ಕಳು ಸಾಯುತ್ತಿದ್ದರೆಂಬ ಅಂದಾಜಿತ್ತು. ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ.ಕೆ. ಭಾನ್ ಅವರ ತಂಡ ಗುರುತಿಸಿದ ವೈರಸ್ ತಳಿಯಿಂದ ಹೈದರಾಬಾದಿನಲ್ಲಿ ನಮ್ಮದೇ ಲಸಿಕೆ ತಯಾರಾಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾದ ರೋಟಾವೈರಸ್ ಲಸಿಕೆ 2019ರಲ್ಲಿ ಕರ್ನಾಟಕಕ್ಕೂ ಬಂತು. ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಬಾಯಿಗೆ ಹಾಕುತ್ತಾರೆ, ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಊರು ಬಿಟ್ಟು ಹೋಗುವ ಮನೆಯವರು ತಾಯಿ ಕಾರ್ಡನ್ನು ಜೊತೆಗೇ ಒಯ್ಯಿರಿ. ತಪ್ಪಿದ ಲಸಿಕೆಯನ್ನು ಹೋದ ಊರಲ್ಲೂ ಹಾಕಿಸಬಹುದು. ಮೊದಲ ಡೋಸ್ ಒಂದು ವರ್ಷದೊಳಗೆ ಬೀಳಬೇಕು.

ಎರಡನೆಯದು ತಾಯಿಯ ಹಾಲು. ಆರು ತಿಂಗಳವರೆಗೆ ಅದೊಂದೇ ಸಾಕು. ನೀರು, ಜೇನು, ಗ್ರೈಪ್ ವಾಟರ್, ಕಲ್ಲಿನ ಮೇಲೆ ತೇಯ್ದ ಬಜೆ ಯಾವುದೂ ಬೇಡ.

ಮೂರನೆಯದು ಕೈ ಮತ್ತು ನೀರು. ಕೂಸಿನ ಮಲ ತೊಳೆದ ಮೇಲೆ, ಊಟ ಮಾಡಿಸುವ ಮೊದಲು ಸಾಬೂನಿನಿಂದ ಕೈ ತೊಳೆದರೆ ಭೇದಿ ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಕೂಸಿನ ಮಲ “ಏನೂ ಆಗಲ್ಲ” ಎಂಬುದು ಸುಳ್ಳು, ಅದರಲ್ಲೂ ಅಷ್ಟೇ ಕ್ರಿಮಿಗಳಿವೆ. ಅದನ್ನು ಪಾಯಖಾನೆಗೇ ಹಾಕಿ. ಕುಡಿಯುವ ನೀರು ತಿಳಿಯಾಗಿ ಕಂಡರೆ ಶುದ್ಧ ಎಂದಲ್ಲ. ಚೆನ್ನಾಗಿ ಕೊತಕೊತ ಕುದಿಸಿ ಆರಿಸಿ, ಮುಚ್ಚಿಡಿ, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಓಣಿಯಲ್ಲಿ ಎರಡು-ಮೂರು ಮನೆಗಳಲ್ಲಿ ಒಟ್ಟಿಗೆ ವಾಂತಿ-ಭೇದಿ ಶುರುವಾದರೆ ಅದು ನೀರಿನದ್ದೇ ಇರಬಹುದು. ಆಶಾ ಕಾರ್ಯಕರ್ತೆಗೆ, ಪಂಚಾಯಿತಿ ಅಥವಾ ನಗರಸಭೆ-ಪುರಸಭೆಗೆ ಅಂದೇ ತಿಳಿಸಿ. ಹಾಗೆ ತಿಳಿಸಿದ ಒಂದು ದಿನದಲ್ಲಿ ಎಷ್ಟೋ ಕೂಸುಗಳ ಜೀವ ಉಳಿಯಬಹುದು.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಐದು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಎರಡು ಪೊಟ್ಟಣ ಒಆರ್‌ಎಸ್ ತಂದಿಡಿ. ಅಂಗನವಾಡಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಬಳಿ ಕೇಳಿದರೆ ಸಿಗುತ್ತದೆ. ಒಂದು ಲೀಟರ್ ಅಳತೆಯ ಬಾಟಲಿಯೊಂದನ್ನು ತೊಳೆದು ಅದರ ಪಕ್ಕದಲ್ಲೇ ಇಡಿ. ಭೇದಿ ಶುರುವಾಗುವುದು ಹೆಚ್ಚಾಗಿ ಮೆಡಿಕಲ್ ಅಂಗಡಿ ಮುಚ್ಚಿದ ಮೇಲೆಯೇ.